ನೆಲ್ಲಿ, ಅಂಬಾಟೊ

ಹೆಸರು ನೆಲ್ಲಿ, ಊರು ಅಂಬಾಟೊ ಅಂದಳು.
ನೆಲ್ಲಿ, ಅಂಬಟೆ, ಎರಡೂ ಹುಳಿ.
ಭರಣಿ ತೊಳೆದಿಡಲೇ ಎಂದೆ.
ತಿಳಿಯದಿದ್ದರೂ ನಕ್ಕಳು.
ಮೂರು ತಿಂಗಳಾದ ಮೇಲೆ, ಸಾರಿಗೆ ಉಪ್ಪು ಹಾಕುತ್ತ ನಿಂತವಳು
ತಟ್ಟನೆ ಇನ್ನೊಮ್ಮೆ ನಕ್ಕಳು. ಈ ಸಲ ತಿಳಿದು.

ಎಕ್ವೆಡಾರಿನಿಂದ ಪೊನ್ನಂಪೇಟೆಯ ಅರಣ್ಯ ಕಾಲೇಜಿಗೆ
ಕಾಫಿಯ ಮೇಲೆ ಬೀಳುವ ನೆರಳು ಅಳೆಯಲು ಬಂದವಳು.
ಮೇಲಿನ ಕೋಣೆ ಬಾಡಿಗೆಗೆ ಕೊಟ್ಟೆ.
ನಾನೋ, ಹದಿನೇಳು ವರ್ಷ ಪಲ್ಟನ್ನಿನ ಲಂಗರಿನಲ್ಲಿ
ಸೌಟು ಹಿಡಿದವನು.
ನೂರ ಇಪ್ಪತ್ತು ಜನಕ್ಕೆ ಆಲೂಗಡ್ಡೆ ಎಷ್ಟು?
ನಿದ್ದೆಯಲ್ಲಿ ಕೇಳಿ, ಹೇಳುತ್ತೇನೆ.
ಇಬ್ಬರಿಗೆ ಎಷ್ಟು?
ಇವತ್ತಿಗೂ ಕೈ ತಡವರಿಸುತ್ತದೆ.

ಅವಳ ಅಜ್ಜಿಯದು ಬೇರೆಯೇ ಲೆಕ್ಕ.
"ಸಾಕು ಅನ್ನಿಸುವಷ್ಟು, ಆಮೇಲೆ ಇನ್ನೊಂದು.
ಹಾಗಂತ ಅಜ್ಜಿ ಹೇಳುತ್ತಾಳೆ."
ಕೆಲವು ಕರಗಬೇಕು, ಕೆಲವು ಹಲ್ಲಿಗೆ ಸಿಗಬೇಕು,
ಹಾಲು ಕೊನೆಗೆ. ಅದು ಲೋಕ್ರೊ.
ಚೀಸಿಗೆ ನನ್ನ ಕ್ಯಾಂಟೀನ್ ಕಾರ್ಡು.
ಮೇಲೆ ಬೆಣ್ಣೆಹಣ್ಣಿನ ಹೋಳು:
ಹಿತ್ತಲಲ್ಲಿ ಬಿದ್ದು, ಹಂದಿಗೂ ಬೇಸರವಾಗಿ
ಕೊಳೆಯುತ್ತಿದ್ದ ಹಣ್ಣು.
ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡದ್ದು ನೋಡಿ
ನನಗೆ ನಾಚಿಕೆಯಾಯಿತು.

ಬಣ್ಣಕ್ಕೆ ಮೆಣಸಿನ ಪುಡಿ ಬೇಡವಂತೆ.
ಖಾರವಿಲ್ಲದ ಕೆಂಪು ಬೇಕು.
ಗೋಣಿಕೊಪ್ಪದ ಸಂತೆಯಲ್ಲಿ ಎಲ್ಲರೂ ತಲೆಯಾಡಿಸಿದರು.
ಕೊನೆಗೆ ಪೋಸ್ಟ್ ಆಫೀಸಿನ ಹಿಂದಿನ ಬೇಲಿಯಲ್ಲಿ ಕಂಡಿತು:
ಮುಳ್ಳುಗೂದಲಿನ ಕಾಯಿ, ಒಡೆದರೆ ಸಿಂಧೂರದಂಥ ಬೀಜ,
ನಾವು ಚಿಕ್ಕವರಿದ್ದಾಗ ಮೀಸೆ ಬರೆದುಕೊಳ್ಳುತ್ತಿದ್ದದ್ದು.
"ಅಚಿಯೋತೆ!" ಎಂದು ಕೂಗಿದಳು.
ಪೋಸ್ಟ್‌ಮ್ಯಾನ್ ಉತ್ತಯ್ಯ ಸೈಕಲ್ ನಿಲ್ಲಿಸಿ
ಯಾರನ್ನು ಕರೆದಿರಿ ಎಂದ.

ಎಣ್ಣೆಯಲ್ಲಿ ಬೀಜ, ಸಣ್ಣ ಉರಿ,
ಕಪ್ಪಾಗುವ ಮೊದಲೇ ಇಳಿಸಬೇಕು.
ಒಂದು ಸಲ ಕಪ್ಪಾಯಿತು. ನನ್ನ ತಪ್ಪು. ರೇಡಿಯೊದಲ್ಲಿ ಹಾಕಿ ಇತ್ತು.

ನೇಂದ್ರಕಾಯಿ ಹಸಿರಿರಬೇಕು, ಸಿಪ್ಪೆ ಬಿಡಲು ಒಲ್ಲೆನ್ನಬೇಕು.
ಬೇಯಿಸಿ, ಕೈ ಸುಡುವಾಗಲೇ ಕುಟ್ಟು,
ಹಂದಿಯ ಕೊಬ್ಬು ಗರಿಗರಿ ಹುರಿದು ಒಳಗೆ ತುರುಕು,
ಉಂಡೆ ಕಟ್ಟು. ಬೊಲೋನ್.
ಅಕ್ಕ ಬೊಳ್ಳಮ್ಮ ಬಗ್ಗಿ ನೋಡಿದಳು:
"ಕಡಂಬುಟ್ಟಿಗೆ ಕಾಮಾಲೆಯಾಗಿದೆಯೇ?"
ಎರಡು ತಿಂದಳು.
ಮೂರನೆಯದು ನಾಯಿಗೆಂದು ಡಬ್ಬಿಗೆ ಹಾಕಿಕೊಂಡಳು.
ಅವಳ ನಾಯಿ ಸತ್ತು ಎರಡು ವರ್ಷ.

ಕಕ್ಕಡ ಹದಿನೆಂಟು.
ಮದ್ದುಸೊಪ್ಪು ಕುದಿಸಿ ಬೊಳ್ಳಮ್ಮ ಪಾಯಸ ತಂದಳು,
ಶಾಯಿಯಂಥ ನೇರಳೆ.
ನೆಲ್ಲಿ ಬಟ್ಟಲು ನೋಡಿದಳು. ಕುಳಿತುಬಿಟ್ಟಳು.
ಅವರಲ್ಲೂ ಉಂಟಂತೆ, ಸತ್ತವರ ದಿನಕ್ಕೆ, ಇದೇ ಬಣ್ಣ:
ಕಪ್ಪು ಮುಸುಕಿನಜೋಳದ ಹಿಟ್ಟು, ಕಾಡುಹಣ್ಣು,
ಅನಾನಸು, ಚಕ್ಕೆ, ಲವಂಗ.
ಗೋರಿಯ ಪಕ್ಕ ಕೂತು ಕುಡಿಯುತ್ತಾರಂತೆ,
ಕೂಸಿನ ಆಕಾರದ ಬ್ರೆಡ್ಡು ಅದ್ದಿಕೊಂಡು.

ಅಜ್ಜಿ ಹೋದದ್ದು ಏಪ್ರಿಲಿನಲ್ಲಂತೆ.
ಲೋಕ್ರೊ ಮಾಡಿದ್ದು ಮೇ ತಿಂಗಳು.
ಹೇಳುತ್ತಾಳೆ ಅಂದಿದ್ದಳು ಹುಡುಗಿ,
ಹೇಳುತ್ತಿದ್ದಳು ಅಂದಿರಲಿಲ್ಲ.

ಬೊಳ್ಳಮ್ಮನಿಗೆ ಇಂಗ್ಲಿಷ್ ಬಾರದು.
ಅಜ್ಜಿ, ಏಪ್ರಿಲ್, ಅಷ್ಟನ್ನೇ ಹೇಳಿದೆ.
ಎದ್ದು ಹಿತ್ತಲಿಗೆ ಹೋಗಿ ಬಾಳೆಯೆಲೆ ಹರಿದು ತಂದಳು.
ತೂಗುದೀಪದ ಕೆಳಗೆ ಹಾಸಿ
ಒಂದು ಸೌಟು ಬಡಿಸಿದಳು.
ಆ ದಿನ ಎಲೆಯಿಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.
"ಸಾಕೇ?" ಎಂದು ನೆಲ್ಲಿಯನ್ನು ಕೇಳಿದಳು,
ಕೈಸನ್ನೆಯಲ್ಲಿ.
ನೆಲ್ಲಿ ಒಂದು ಬೆರಳೆತ್ತಿದಳು.
ಇನ್ನೊಂದು.

ಈ ಗಲಾಟೆಯಲ್ಲಿ ಮುಖ್ಯವಾದದ್ದು ಹೇಳಲು ಮರೆತೆವು.
ಬೆಳಿಗ್ಗೆ ಆರಕ್ಕೆ ಮೇಲಿನ ಬಚ್ಚಲಿನಿಂದ ಕಿರುಚಾಟ.
ಕೆಂಪು! ಕೆಂಪು! ಡಾಕ್ಟರ್!
ನಾನು ಮೆಟ್ಟಿಲ ಮೇಲೆ ಒಂದು ಚಪ್ಪಲಿಯಲ್ಲಿ,
ಏನು ಹೇಳಲಿ, ಹೇಗೆ ಹೇಳಲಿ, ಹೆಣ್ಣುಹುಡುಗಿಗೆ.
ಬೊಳ್ಳಮ್ಮ ಒಲೆಯ ಮುಂದಿನಿಂದ ಏಳಲೇ ಇಲ್ಲ.
ಊದುಕೊಳವೆ ಕೆಳಗಿಟ್ಟು, ಕೆಮ್ಮು ಬರುವಷ್ಟು ನಕ್ಕು,
"ಹೆದರಬೇಡ ಅನ್ನು," ಎಂದಳು,
"ಮದ್ದು ಹಿಡಿದಿದೆ."