ಹೆಚ್ಚುವರಿ ತೂಕ

ಶುಕ್ರವಾರದ ಸಂತೆಯಲ್ಲಿ ಹದಿನೆಂಟು ದಿನಾರಿಗೆ ಸಿಕ್ಕಿತು:
ಒಂದು ಗುಂಡಿ ಅಂಟಿಕೊಂಡ ಕಂಟ್ರೋಲರು, ಡಬ್ಬಿಯಿಲ್ಲದ ಡಿಸ್ಕು.
ಮಾರಿದವನು ಧೂಳೊರೆಸಿ ಕೊಟ್ಟ, ಯಾರದ್ದೆಂದು ಹೇಳಲಿಲ್ಲ.
ಫಹಾಹೀಲಿನ ಐದು ಮಂಚದ ಕೋಣೆಯಲ್ಲಿ
ಹಸನಬ್ಬ ರಾತ್ರಿ ಪಾಳಿಗೆ ಹೊರಟ ಮೇಲೆ
ಅವನ ಕೆಳಗಿನ ಮಂಚ ನನಗೆ ಸಿಂಹಾಸನ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ.
ಆ ಲೋಕದಲ್ಲಿ ಹೊಳೆಯಿದೆ, ಹೊಳೆಯ ಮೇಲೆ ಬೆಳಗಿನ ಮಂಜಿದೆ,
ದಂಡೆಯಲ್ಲಿ ಎಷ್ಟು ಹೊತ್ತು ನಿಂತರೂ ಗಂಟೆಗಿಷ್ಟೆಂದು ಕೊಯ್ಯುವವರಿಲ್ಲ.
ಏಳು ರಾಜ್ಯಗಳ ಗಡಿ ದಾಟಿದೆ,
ಒಬ್ಬ ಕಾವಲುಗಾರನೂ ಸಿವಿಲ್ ಐಡಿ ಕೇಳಲಿಲ್ಲ.
ದೂರದಲ್ಲಿ ಬೆಟ್ಟ ಕಂಡರೆ ಅದು ಬಣ್ಣ ಬಳಿದ ಪರದೆಯಲ್ಲ, ಹತ್ತಬಹುದು.
ಹತ್ತಿದರೆ ತುದಿಯಲ್ಲೊಬ್ಬ ಮುದುಕ ಜೇನು ಮಾರುತ್ತಾನೆ.
ಗಿರಾಕಿ ಬಾರದ ಜಾಗದಲ್ಲಿ ಅಷ್ಟು ಕಾಳಜಿಯಿಂದ
ಜೇನಿನಂಗಡಿ ಕಟ್ಟಿಟ್ಟವರ ಬಗ್ಗೆ ನನಗೆ ಗೌರವವಿದೆ.

ಇನ್ನು ಕೊರತೆ.
ಕುದುರೆ ಬಂಡೆಯೊಳಗೆ ಹೂತುಹೋಗುತ್ತದೆ,
ಬಾಲವೊಂದೇ ಹೊರಗೆ ಅಲ್ಲಾಡುತ್ತಿರುತ್ತದೆ.
ಊರಿಗೊಬ್ಬ ಕಮ್ಮಾರ, ಎಲ್ಲ ಕಮ್ಮಾರರಿಗೂ ಒಂದೇ ಕೆಮ್ಮು.
ಡ್ರ್ಯಾಗನ್ ಸುಟ್ಟ ಮನೆಯೆದುರು ನಿಂತ ಹೆಂಗಸು
"ಇಂದು ಹವೆ ಚೆನ್ನಾಗಿದೆ" ಅನ್ನುತ್ತಾಳೆ.
ಮಳೆ ಬರುತ್ತದೆ, ಯಾರ ತಲೆಯೂ ನೆನೆಯುವುದಿಲ್ಲ.
ಕತ್ತಿಯೇಟು ತಿಂದವನು ಒಂದು ರಾತ್ರಿ ಮಲಗೆದ್ದರೆ ಗಾಯ ಮಾಯ.
ಸ್ಕ್ಯಾಫೋಲ್ಡಿಂಗಿನಿಂದ ಬಿದ್ದ ತಿಪ್ಪೇಶಿಯ ಸೊಂಟಕ್ಕೆ
ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಎಲ್ಲಕ್ಕಿಂತ ಸಿಟ್ಟು ಬಂದದ್ದು ಚೀಲದ ಮೇಲೆ.
ಒಂದು ಮದ್ದಿನ ಸೀಸೆ ಹೆಚ್ಚಾದರೂ ಸಾಕು,
"ಭಾರ ಮೀರಿದೆ, ಓಡಲಾರೆ" ಎಂದು ಕೆಂಪಕ್ಷರ.
ಅಯ್ಯಾ, ಹಗಲೆಲ್ಲ ಇದನ್ನೇ ಹೇಳುವ ಕೆಲಸ ನನ್ನದು!
ಕಾರ್ಗೋ ಅಂಗಡಿಯಲ್ಲಿ ತೂಕದ ಮಿಷನ್ನಿನ ಹಿಂದೆ ನಿಂತು
ಹಾಲಿನ ಪುಡಿ, ಕಂಬಳಿ, ನೋವಿನೆಣ್ಣೆ,
ಮಗಳ ಸೈಕಲ್ಲಿನ ಮುಂದಿನ ಚಕ್ರ ಮಾತ್ರ
(ಹಿಂದಿನದು ಮುಂದಿನ ವರ್ಷ),
"ಎರಡು ಕಿಲೋ ಜಾಸ್ತಿ ಅಣ್ಣಾ, ಏನಾದರೂ ತೆಗೆಯಿರಿ."
ಟೇಪು ಕಿತ್ತು, ಪೆಟ್ಟಿಗೆಯೊಳಗೆ ಇಣುಕಿ
ಏನನ್ನೂ ಮುಟ್ಟದೆ ನಿಲ್ಲುತ್ತಾರಲ್ಲ,
ಆ ಮುಖಗಳನ್ನು ಮರೆಯಲೆಂದೇ ಆಟ ಕೊಂಡದ್ದು ನಾನು.

ಆಮೇಲೊಂದು ರಾತ್ರಿ ಹಳೆಯ ಸೇವ್ ಕಣ್ಣಿಗೆ ಬಿತ್ತು.
ನನಗಿಂತ ಮೊದಲು ಆಡಿದವನದು. ಹೆಸರು ಡೋಡೊಂಗ್.
ನಲವತ್ತೊಂದನೆಯ ಮಟ್ಟ, ಇನ್ನೂರ ಮೂವತ್ತು ಗಂಟೆ,
ಕೊನೆಯ ಸಲ ಒಂದು ಗುರುವಾರ, ಬೆಳಗಿನ ಜಾವ ಮೂರೂವರೆ.
ಹೊಳೆಯ ದಂಡೆಯಲ್ಲಿ ನಿಂತಿದ್ದಾನೆ ಉಕ್ಕಿನ ಕವಚದ ವೀರ,
ಓಡಲಾರ.
ಚೀಲ ಬಿಚ್ಚಿದೆ: ನೂರ ಹನ್ನೆರಡು ಚಮಚ,
ಬಾಡದ ಹೂವು, ರೊಟ್ಟಿ, ಒಂದು ಮರದ ಗೊಂಬೆ,
ಯಾವ ವ್ಯಾಪಾರಿಯೂ ಕಾಸು ಕೊಡದ ಸರಕು.
ತಳದಲ್ಲಿ ಒಂದು ಪತ್ರ.
ಯಾರೋ ಸಿಪಾಯಿ ಹೊಳೆಯಾಚೆಯ ಹೆಂಡತಿಗೆ ಕೊಡೆಂದು ಕೊಟ್ಟದ್ದು.

ಒಂದನ್ನೂ ಎಸೆಯಲಿಲ್ಲ. ಅವನ ಚಮಚದ ಕಥೆ ಅವನಿಗೆ ಗೊತ್ತು.
ಓಡಲಾರೆ ಅಂದರೆ ನಡೆಯಬಾರದು ಅಂತೇನಿಲ್ಲವಲ್ಲ.
ಮೂರು ರಾತ್ರಿ ನಡೆಸಿದೆ, ಅಂಟಿದ ಗುಂಡಿಯನ್ನು ಒತ್ತಿ ಒತ್ತಿ;
ಕಿಟಕಿಯಾಚೆ ರಿಫೈನರಿಯ ಬೆಂಕಿ ತನ್ನ ಪಾಡಿಗೆ ಉರಿಯುತ್ತಿತ್ತು.
ಬಾಗಿಲು ತೆರೆದಳು, ಪತ್ರ ತೆಗೆದುಕೊಂಡಳು.
"ಇಂದು ಹವೆ ಚೆನ್ನಾಗಿದೆ" ಅಂದಳು.

ನಾಲ್ಕು ಮಾತು ಹೆಚ್ಚು ಬರೆದಿದ್ದರೆ
ಆಟ ಮಾಡಿದವರಪ್ಪನ ಗಂಟೇನು ಹೋಗುತ್ತಿತ್ತು?
ಆದರೂ ಸೇವ್ ಮಾಡಿದೆ, ಡೋಡೊಂಗನ ಹೆಸರಿನಲ್ಲೇ.

ಬೆಳಿಗ್ಗೆ ಮೊದಲು ಬಂದವನ ಪೆಟ್ಟಿಗೆ ಮೂವತ್ತೊಂದೂವರೆ.
ಟೇಪಿನ ತುದಿಯನ್ನು ಉಗುರಿನಿಂದ ಹುಡುಕತೊಡಗಿದ್ದ.
ಮಿಷನ್ನಿನ ಅಂಚು ಮೀರಿ ಚಾಚಿದ್ದ ಪೆಟ್ಟಿಗೆಯ ಮೂಲೆಗೆ
ನನ್ನ ಬೂಟಿನ ತುದಿ ಅದು ಹೇಗೋ ಆನಿಕೊಂಡಿತು.
ಇಪ್ಪತ್ತೊಂಬತ್ತು ಮುಕ್ಕಾಲು.
ಒಳಗೇನಿದೆ ಎಂಬ ಕಾಲಮ್ಮಿನೆದುರು
ಕೇಳದೆಯೇ ಬರೆದೆ: ಮನೆ ಸಾಮಾನು.