ಗೂಡ್ಸ್ ಗಾಡಿ

ಕುರ್ಲಾದ ಆ ಖೋಲಿಯಲ್ಲಿ
ಹತ್ತಕ್ಕೆ ಹನ್ನೆರಡರೊಳಗೆ ನಾವು ಆರು ಜನ.
ಮೋರಿಯ ಪಕ್ಕ ಅತ್ತೆ, ಕಪಾಟಿಗೆ ತಲೆಯಿಟ್ಟು ಮೈದುನ,
ಮಾಳದ ಮೇಲೆ ಮಕ್ಕಳಿಬ್ಬರು,
ಹಳೆಯ ನೈಲೆಕ್ಸ್ ಸೀರೆಯ ಪರದೆಯಾಚೆ
ನಾನು, ಭೋಜ.

ಬಳೆ ತೆಗೆದು ಕರ್ಚೀಫಿನಲ್ಲಿ ಸುತ್ತಿ
ದಿಂಬಿನಡಿ ಇಟ್ಟೆನೆಂದರೆ
ಅದೇ ಒಪ್ಪಿಗೆ.
ಅತ್ತೆಯ ಕೆಮ್ಮು ಗೊರಕೆಗೆ ತಿರುಗುವ ತನಕ ಕಾದು
ಆಮೇಲೆ ಗಾಡಿಗೆ ಕಾಯುತ್ತಿದ್ದೆವು.

ಹಳಿಗೂ ನಮ್ಮ ಗೋಡೆಗೂ ನಡುವೆ
ಒಂದು ಗಟಾರ, ಒಂದು ನುಗ್ಗೆಮರ, ಅಷ್ಟೆ.
ದೂರದಲ್ಲಿ ಹಳಿ ತೆಳ್ಳಗೆ ಗುಂಯ್‌ಗುಟ್ಟಿದರೆ
ಅವನ ಉಸಿರು ನನ್ನ ಕೊರಳಿಗೆ ಬರುತ್ತಿತ್ತು.
ಸ್ಟ್ಯಾಂಡಿನ ತಟ್ಟೆಗಳನ್ನೆಲ್ಲ ನಡುಗಿಸಿ
ಕೊನೆಯ ಕರ್ಜತ್ ಲೋಕಲ್ ದಾಟುವಷ್ಟು ಹೊತ್ತು
ನಾವು ಗಂಡ ಹೆಂಡತಿ.
ದಾಟಿತೋ, ಇದ್ದಲ್ಲೇ ಕಲ್ಲು.
ನನ್ನ ಬಾಯಿಯ ಮೇಲೆ ಅವನ ಅಂಗೈ,
ಟ್ಯಾಕ್ಸಿ ಮೀಟರಿಗೆ ಬಿಡುವ ಎಣ್ಣೆಯ ವಾಸನೆ.

ಆಸೆಗೇನೂ ಕಡಿಮೆ ಇರಲಿಲ್ಲ.
ನಳದ ಸಾಲಿನಲ್ಲಿ ನಿಂತವಳಿಗೆ
ಅವನ ಬೆನ್ನಿನ ಬೆವರು ನೆನಪಾಗಿ
ಕೊಡ ತುಂಬಿ ಚೆಲ್ಲಿದ್ದುಂಟು,
ಹಿಂದಿನ ಶೆವಂತಾಬಾಯಿ ಮರಾಠಿಯಲ್ಲಿ
ನನ್ನ ವಂಶವನ್ನೆಲ್ಲ ತೊಳೆದದ್ದುಂಟು.

ಈಗ ಭಾಂಡುಪ್, ಬೆಟ್ಟದ ಕಡೆ,
ಹದಿಮೂರನೆಯ ಮಹಡಿ. ಕೋಣೆಗೆ ಒಳಗಿನಿಂದ ಚಿಲಕ!
ಅತ್ತೆ ಗೋಡೆಯ ಮೇಲೆ, ಗಂಧದ ಹಾರದಲ್ಲಿ.
ಮೈದುನ ವಾಶಿಯಲ್ಲಿ, ಮಗಳು ನಾಸಿಕದಲ್ಲಿ,
ಮಗನಿಗೆ ರಾತ್ರಿ ಪಾಳಿ.
ಮೊದಲ ರಾತ್ರಿ (ಐವತ್ತೊಂದರಲ್ಲಿ ಹಾಗೆನ್ನಬಹುದೇ?)
ಬಳೆ ತೆಗೆದಿಟ್ಟೆ.
ಕಾದೆವು.
ಏನೂ ಬರಲಿಲ್ಲ.
ಇಷ್ಟು ಎತ್ತರಕ್ಕೆ ಯಾವ ಗಾಡಿ ಹತ್ತೀತು?
ಫ್ಯಾನು ಕೂಡ ಹೊಸದು, ಸದ್ದಿಲ್ಲದ್ದು.
ಮಾಸ್ತರರು ಬಾರದ ತರಗತಿಯ ಮಕ್ಕಳ ಹಾಗೆ
ಏನು ಮಾಡಬೇಕೆಂದು ತಿಳಿಯದೆ ಮಲಗಿದ್ದೆವು.

ಕೊನೆಗೆ ಅವನೇ ಹೊರಳಿದ.
ಅಂಗೈ ಮೊದಲು ಬಂದದ್ದು ನನ್ನ ಬಾಯಿಗೇ.
ಹಿಡಿದು ತೆಗೆದೆ,
ಇಪ್ಪತ್ತೆಂಟು ವರ್ಷ ಅದು ಎಲ್ಲಿರಬೇಕಿತ್ತೋ
ಅಲ್ಲಿಗೆ ಒಯ್ದು ಇಟ್ಟೆ.
ಇಲ್ಲಿ, ಅಂದೆ.
ಮೆಲ್ಲಗೆ, ಅಂದೆ.
ಅವಸರ ಯಾರಿಗಿದೆ, ಅಂದೆ.
ಕಣ್ಣಿಗೆ ಕಾಣದ ಹಲ್ಲುಚಕ್ರವನ್ನು
ಬೆರಳ ತುದಿಯಲ್ಲೇ ಓದಬಲ್ಲವನು,
ಹೇಳಿಕೊಟ್ಟದ್ದೇ ತಡ, ಕಲಿತ.

ಆಮೇಲೆ ಒಂದು ಸದ್ದು.
ಅದು ನನ್ನದೆಂದು ನನಗೇ ತಿಳಿಯಲು
ತುಸು ಹೊತ್ತು ಹಿಡಿಯಿತು.
ಭೋಜ ಗಾಬರಿಯಿಂದ ಎದ್ದು ಲೈಟು ಹಾಕಿದ:
ನೋವಾಯ್ತಾ?
ಇಲ್ಲ ಮಾರಾಯಾ. ಆರಿಸು.
ಬೇಡ, ಇರಲಿ.

ಹೊಟ್ಟೆಯ ಮೇಲಿನ ಹೊಲಿಗೆಯ ಗುರುತನ್ನು
ಅವನು ಬೆಳಕಿನಲ್ಲಿ ಕಂಡದ್ದು ಅಂದೇ.
ಅದರ ಮೇಲೆ ಬೆರಳಾಡಿಸುತ್ತ ಕೇಳಿದ:
ಇಷ್ಟು ವರ್ಷ... ನಿನಗೆ...
ಟಿಕ್ ಸದ್ದು ಕೇಳಿಯೇ ಮೀಟರಿನ ರೋಗ ಹೇಳುತ್ತಿದ್ದವನಿಗೆ
ಆ ಪ್ರಶ್ನೆ ಪೂರ್ತಿ ಮಾಡಲಾಗಲಿಲ್ಲ.
ಹೌದೆಂಬ ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು.
ಅಷ್ಟು ವರ್ಷ ಬಾಯಿ ಮುಚ್ಚಿದ್ದು ಸಾಕೆನಿಸಿತು.
"ಗೂಡ್ಸ್ ಗಾಡಿ ಬಂದ ರಾತ್ರಿ," ಅಂದೆ.
"ಐವತ್ತು ಅರವತ್ತು ಡಬ್ಬಿಯದ್ದು."

ಸುಮ್ಮನಾದ.
ಎಷ್ಟು ಬಂದಿದ್ದವೆಂದು ಲೆಕ್ಕ ಹಾಕುತ್ತಿದ್ದನೋ ಏನೋ.
ಆಮೇಲೆ ಅವನ ಭುಜ ಕುಲುಕತೊಡಗಿತು,
ನಗುವೋ ಅಳುವೋ,
ಅಷ್ಟು ಬೆಳಕಿದ್ದೂ ನನಗೆ ತಿಳಿಯಲಿಲ್ಲ.

ನಿನ್ನೆ ಸಂಜೆ ಬಸಳೆ ಸೋಸುತ್ತ ಕೂತಿದ್ದೆ.
ಪೇಪರಿನ ಹಿಂದಿನಿಂದ ಸ್ವರ:
"ಇವತ್ತು ಲೋಕಲ್ಲಾ, ಗೂಡ್ಸಾ?"
ಪಾಳಿಗೆ ಹೊರಟಿದ್ದ ಮಗ ಶೂ ಕಟ್ಟುತ್ತಲೇ ಕೇಳಿದ,
"ಎಲ್ಲಿಗೆ ಹೊರಟಿರಿ ಇಬ್ಬರೂ?"
ಎಲ್ಲಿಗೂ ಇಲ್ಲ, ಅಂದೆ.
ಬಳೆ ಇವತ್ತು ಕೈಯಲ್ಲೇ ಇರಲಿ ಅಂದುಕೊಂಡು
ದಪ್ಪ ದಂಟೊಂದನ್ನು ಹಿಡಿದು
ಲಟಕ್ಕನೆ ಮುರಿದೆ.