ಧೂಳು ಒರೆಸು

ಶಹಾಪುರದ ಹಳೇ ಬಸ್‌ಸ್ಟ್ಯಾಂಡಿನೆದುರು
ನಾಜ್ ಸ್ಟುಡಿಯೋದ ಒಳಕೋಣೆ.
ಮೊದಲಿದು ಕತ್ತಲಕೋಣೆ; ಗೋಡೆಗೆ ಇನ್ನೂ
ಹೈಪೋ ವಾಸನೆ. ಈಗ ಒಂದು ಕಂಪ್ಯೂಟರು,
ಒಂದು ಟೇಬಲ್ ಫ್ಯಾನು, ನಾನು.

ಚಿತ್ರ ತಿದ್ದುವ ತಂತ್ರಾಂಶ ಪುಕ್ಕಟೆ ಸಿಕ್ಕದ್ದು.
ಬೇಕಾದ ಹತಾರ ನನ್ನಲ್ಲಿಲ್ಲದಿದ್ದರೆ
ನೀನೇ ಬರೆದು ಸೇರಿಸಿಕೋ ಅನ್ನುತ್ತದೆ.
ಬರೆದೆ. ಪೈಥಾನಿನಲ್ಲಿ, ಹನ್ನೊಂದು ರಾತ್ರಿ.
ಸಾಲಿನ ಮೊದಲು ನಾಲ್ಕು ಖಾಲಿ ಜಾಗ;
ಮೂರೇ ಬಿಟ್ಟರೆ ಇಡೀ ಮನೆಗೆ ಮುನಿಸು.
"ಹೆಬ್ಬಾವಿನ ಬಾಯಾಗ ನನ್ನ ಕುಂಚ ಇಟ್ಟಿಯಲ್ಲ, ಬೇಟಾ"
ಅಂದರು ಗೌಸೋದ್ದೀನ್ ಮಾಮು,
ನೆಗೆಟಿವಿಗೆ ಪೆನ್ಸಿಲ್ ತಾಕಿಸಿ
ನಲವತ್ತು ವರ್ಷ ಮದುಮಕ್ಕಳ ಮೊಡವೆ ಅಳಿಸಿದವರು.

ಉಪಾಯ ಸಣ್ಣದು:
ಪ್ರತಿ ಚುಕ್ಕಿಯ ಬಳಿ ಹೋಗು,
ಸುತ್ತಲಿನ ಎಂಟು ಮನೆಯವರ ಬಣ್ಣ ಕೇಳು,
ಅವನನ್ನೂ ಸೇರಿಸಿ
ಕಪ್ಪಿನಿಂದ ಬಿಳುಪಿಗೆ ಸಾಲಾಗಿ ನಿಲ್ಲಿಸು,
ನಟ್ಟನಡುವೆ ನಿಂತವನ ಮಾತೇ ಮಾತು.
ಒಬ್ಬಂಟಿಯಾಗಿ ಬೇರೆ ಹೊಳೆಯುವವರು ಯಾರೋ
ಅವರೇ ಧೂಳು.

ಮೆನುವಿನ ಇಂಗ್ಲಿಷ್ ಸಾಲಿನ ನಡುವೆ
ನನ್ನ ಎರಡು ಕನ್ನಡ ಪದ ಮೂಡಿದ ದಿನ
ಮಾಮುಗೆ ಚಹಾ ನಾನೇ ಕೊಡಿಸಿದೆ.

ದೋರನಹಳ್ಳಿಯ ಸಾಬಮ್ಮ ತಂದದ್ದು ಒಂದೇ ಫೋಟೋ:
ಅವ್ವ ಹಯ್ಯಾಳವ್ವ, ಪಿಂಚಣಿ ಪಾಸ್‌ಬುಕ್ಕಿನಿಂದ ಕಿತ್ತದ್ದು,
ಹೆಬ್ಬೆರಳಷ್ಟು, ಕಪ್ಪು-ಬಿಳುಪು.
ಕೆನ್ನೆಯ ಮೇಲೆ ಸೀಲಿನ ಅರ್ಧ ವೃತ್ತ,
ಅದನ್ನು ಕೈಯಾರೆ ತೆಗೆದೆ.
ಉಳಿದದ್ದಕ್ಕೆ ನಾಲ್ಕು ಸೆಕೆಂಡು.
ಮುಖ ತೊಳೆದಂತಾಯಿತು.
ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟೆ.

ಮರುದಿನ ಮೊದಲ ಬಸ್ಸಿಗೇ ಬಂದಳು,
ಫೋಟೋ ಸೆರಗಿನಲ್ಲಿ ಸುತ್ತಿ.
"ಯಾರ ಹೆಣ್ಮಗಳ್ರೀ ಇಕಿ? ಚೆಂದದಾಳ, ಖರೆ.
ನಮ್ಮವ್ವನ ಗದ್ದದ ಮ್ಯಾಲ ಮೂರು ಹಚ್ಚಿಬಟ್ಟು ಇದ್ವು.
ಹುಣಸಿ ಗಿಡದ ಬುಡಕ ಕುಂತು ಚುಚ್ಚಿಸ್ಕೊಂಡಾಗ
ಏಳು ವರ್ಷದಾಕಿ ಅಂತ, ಅಳಲೇ ಇಲ್ಲಂತ.
ಎಲ್ಲಿ ಹೋದ್ವು?"

ಎಂಟು ನೆರೆಯವರು ಸೇರಿ ತೆಗೆದರು
ಎಂದು ಹೇಳಲೇ?
ಮಾಮು ಏನೂ ಅನ್ನಲಿಲ್ಲ.
ಕನ್ನಡಕ ಒರೆಸಿಕೊಂಡರು, ಬಹಳ ಹೊತ್ತು.

ಆ ರಾತ್ರಿ ಹಸಿರಿಗೊಂದು ವಿನಾಯಿತಿ ಬರೆದೆ.
ಕಪ್ಪು-ಬಿಳುಪಿನಲ್ಲಿ ಹಸಿರೆಲ್ಲಿ? ಅಳಿಸಿದೆ.
ಗದ್ದಕ್ಕೊಂದು ವಿನಾಯಿತಿ ಬರೆದೆ.
ಹಣೆಗೆ ಹಾಕಿಸಿಕೊಂಡವರು? ಅಳಿಸಿದೆ.
ಕೊನೆಗೆ ಸೋತು, ಒಂದು ಪ್ರಶ್ನೆ ಬರೆದೆ:
ಅನುಮಾನದ ಪ್ರತಿ ಚುಕ್ಕಿಗೂ ನಿಲ್ಲು,
ಕೆಂಪು ಬಳೆ ತೊಡಿಸು,
ಕೇಳು.

ಈಗ ಸಾಬಮ್ಮ ಸ್ಟೂಲಿನ ಮೇಲೆ,
ಪರದೆಗೆ ಬೆರಳು ತಾಗಿಸಿ:
"ಇದು ಹುಳ ತಿಂದಿದ್ದು, ತಗೀರಿ.
ಇದು ಹಚ್ಚಿ. ಇದೂ. ಇದೂ.
ಇದು ಸಿಡುಬಿನ ಕಲಿ. ಬಿಡ್ರಿ, ಆಕಿದೇ."
ನಾಲ್ಕು ಸೆಕೆಂಡಿನ ಕೆಲಸಕ್ಕೆ ಎರಡು ತಾಸು;
ಹೊರಗೆ ಪಾಸ್‌ಪೋರ್ಟ್ ಸೈಜಿನ ಹುಡುಗರು
ಬಾಗಿಲು ಬಡಿಯುತ್ತಾರೆ.

ಬಲಗಣ್ಣಿನ ಕೆಳಗೊಂದು ಚುಕ್ಕಿ.
ಬಗ್ಗಿ ನೋಡಿದಳು, ಹಿಂದೆ ಸರಿದು ನೋಡಿದಳು.
"ಗೊತ್ತಿಲ್ರೀ" ಅಂದಳು, ಸಣ್ಣ ದನಿಯಲ್ಲಿ.

ನನ್ನ ಪ್ರಶ್ನೆಗೆ ಇದ್ದದ್ದು ಎರಡೇ ಗುಂಡಿ.
ಮೂರನೆಯದನ್ನು ಬರೆದು ಮುಗಿಸುವವರೆಗೆ
ಸಾಬಮ್ಮ ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿದಳು.